ಗಡಿ ದಾಟುವ ಹಣ ತೆತ್ತ ವಟ್ಟ

ಕಳೆದ ಯುಗಾದಿಯ ದಿನ ಸಂಘದ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದ ಎಲೆಗೆ ಕುಳಿತಿದ್ದ ಹಿರಿಯರೊಬ್ಬರು, ಒಬ್ಬಟ್ಟಿಗೆ ತುಪ್ಪ ಬೀಳುವ ಮುನ್ನವೇ ತಮ್ಮ ಅಳಲನ್ನು ತೋಡಿಕೊಂಡರು. ಮಗ ಓದಲು ಅಮೆರಿಕಕ್ಕೆ ಹೋಗಿದ್ದಾನೆ. ಇಲ್ಲಿಯ ಬ್ಯಾಂಕಿನ ಕ್ರೆಡಿಟ್ ಕಾರ್ಡನ್ನು ಅಲ್ಲಿ ಉಪಯೋಗಿಸುತ್ತಾನೆ. ತಿಂಗಳ ಲೆಕ್ಕಪಟ್ಟಿ ಬಂದಾಗ ನೋಡಿದರೆ, ಡಾಲರಿನ ಅಂದಿನ ದರಕ್ಕಿಂತ ನೂರಕ್ಕೆ ನಾಲ್ಕು ರೂಪಾಯಿಯಷ್ಟು ಹೆಚ್ಚು ಮುರಿದುಕೊಂಡಿರುತ್ತಾರೆ. "ಇದು ಯಾವ ನ್ಯಾಯ ಸ್ವಾಮಿ? ವಾಪಸು ಕೇಳಬಹುದೋ ಇಲ್ಲವೋ?" ಎಂದು ಅವರು ಕೇಳಿದರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಬಿಲ್ಲುಗಳ ನಡುವೆ ಇಪ್ಪತ್ತು ವರ್ಷ ಸವೆಸಿದವರಿಗೆ ಇಂಥದಕ್ಕೆಲ್ಲ ಉತ್ತರ ಗೊತ್ತಿರಬೇಕೆಂಬ ಭಾವನೆ ನಮ್ಮವರಲ್ಲಿದೆ. ನಮಗೆ ಗೊತ್ತಿದ್ದಷ್ಟನ್ನು ಹೇಳಿದೆವು. ಹೇಳಿದ್ದು ನಮಗೇ ಸಾಲದೆನಿಸಿತು. ಮನೆಗೆ ಬಂದ ಮೇಲೆ ಹಳೆಯದನ್ನೂ ಹೊಸದನ್ನೂ ಹುಡುಕಿ ಓದಿ ಬರೆದದ್ದು ಈ ಲೇಖನ. ಬಿ.ಎಸ್ಸಿ. ಓದಿದವರು ಚರಿತ್ರೆಗೆ ಕೈ ಹಾಕಿದ್ದಾರೆಂದು ಇತಿಹಾಸದ ಮೇಷ್ಟ್ರುಗಳು ಮುನಿಯಬಾರದು.

ಮೊದಲು ಒಂದು ಮಾತು. ಆ ಹಿರಿಯರ ನಾಲ್ಕು ರೂಪಾಯಿ ಸುಮ್ಮನೆ ಬಾಯಿಗೆ ಬಂದ ಲೆಕ್ಕವಲ್ಲ. ನಮ್ಮ ದೇಶದ ಎಷ್ಟೋ ಕಾರ್ಡುಗಳ ಮೇಲೆ ವಿದೇಶಿ ನಾಣ್ಯದ ವ್ಯವಹಾರಕ್ಕೆ ಶೇಕಡಾ 3.5ರ ಶುಲ್ಕವುಂಟು, ಆ ಶುಲ್ಕದ ಮೇಲೆ ಶೇಕಡಾ 18ರ ಜಿ.ಎಸ್.ಟಿ. ಎರಡನ್ನೂ ಸೇರಿಸಿದರೆ ನೂರಕ್ಕೆ 4 ರೂಪಾಯಿ 13 ಪೈಸೆ. ಕೆಲವು ಕಾರ್ಡುಗಳಲ್ಲಿ ಇದು 2 ಇರುತ್ತದೆ, ಕೆಲವರಲ್ಲಿ ಇನ್ನೂ ಕಡಿಮೆ.

ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲವೆಂದು ಯಾರೂ ತಿಳಿಯಬಾರದು. ನಮ್ಮ ಅಜ್ಜಂದಿರ ಕಾಲದ ಪೇಟೆಯ ಮಾತಿನಲ್ಲಿ ಇದಕ್ಕೆ 'ವಟ್ಟ' ಎನ್ನುತ್ತಿದ್ದರು. ಒಂದು ನಾಣ್ಯವನ್ನು ಕೊಟ್ಟು ಇನ್ನೊಂದನ್ನು ಪಡೆಯುವಾಗ, ಅಥವಾ ಒಂದೂರಿನ ಹಣವನ್ನು ಮತ್ತೊಂದೂರಿನಲ್ಲಿ ಪಡೆಯುವಾಗ ಮುರಿದುಕೊಳ್ಳುವ ಅಂತರವೇ ವಟ್ಟ. ವರಹ, ಹಣ, ರೂಪಾಯಿ, ದುಡ್ಡು, ಕಾಸು ಎಂದು ಹತ್ತಾರು ಬಗೆಯ ನಾಣ್ಯಗಳು ಏಕಕಾಲದಲ್ಲಿ ಚಲಾವಣೆಯಲ್ಲಿದ್ದ ನಾಡು ನಮ್ಮದು. ಮೈಸೂರಿನ ಕಂಠೀರವ ನರಸರಾಜ ಒಡೆಯರು 17ನೆಯ ಶತಮಾನದಲ್ಲಿ ಹೊರಡಿಸಿದ ಕಂಠೀರಾಯಿ ಹಣ ಅವರ ಕಾಲಾನಂತರವೂ ಬಹುಕಾಲ ಲೆಕ್ಕದ ಪುಸ್ತಕಗಳಲ್ಲಿ ಬದುಕಿತ್ತು. ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚಾರ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ವೈದ್ಯ ತಾನು ಕಂಡ ನಾಣ್ಯಗಳನ್ನೂ ಅವುಗಳ ಪರಸ್ಪರ ಬೆಲೆಯನ್ನೂ ಬರೆದಿಟ್ಟಿದ್ದಾನೆ. ಅದನ್ನು ಓದುವಾಗ ನಮಗೆ ವಿಮಾನ ನಿಲ್ದಾಣದ ಹಣ ಬದಲಾಯಿಸುವ ಅಂಗಡಿಯ ಫಲಕ ನೆನಪಾಯಿತು. ಸಂತೆಗೆ ಹೋದ ರೈತ ಎತ್ತು ಮಾರಿ ಪಡೆದ ನಾಣ್ಯವನ್ನು ಕಂದಾಯಕ್ಕೆ ಕೊಡಬೇಕಾದ ನಾಣ್ಯಕ್ಕೆ ಬದಲಿಸಿಕೊಳ್ಳಲು ಶರಾಫನ ಅಂಗಡಿಗೆ ಹೋಗಲೇಬೇಕು. ಶರಾಫ ನಾಣ್ಯವನ್ನು ಕಲ್ಲಿಗೆ ಉಜ್ಜಿ, ತೂಗಿ, ಸವೆದಿದೆ ಎಂದು ಹೇಳಿ ವಟ್ಟ ಹಿಡಿಯುತ್ತಿದ್ದ. ಎಷ್ಟು ಸವೆದಿದೆ ಎಂಬುದು ಅವನಿಗೆ ಮಾತ್ರ ಕಾಣುತ್ತಿತ್ತು. 1835ರಲ್ಲಿ ಕಂಪನಿ ಸರ್ಕಾರ ತನ್ನ ಸೀಮೆಗೆಲ್ಲ ಒಂದೇ ತೂಕದ ರೂಪಾಯಿಯನ್ನು ಕಾನೂನಿನ ಮೂಲಕ ತಂದ ಮೇಲೆ ಆ ವ್ಯಾಪಾರ ಕ್ರಮೇಣ ಕುಗ್ಗಿತು.

ಊರಿಂದೂರಿಗೆ ಹಣ ಸಾಗಿಸುವವನ ಕಥೆ ಬೇರೆ. ಅವನಿಗೆ ಹುಂಡಿ. ಇಲ್ಲಿಯ ಸಾಹುಕಾರನಿಗೆ ಹಣ ಕಟ್ಟಿ ಚೀಟಿ ಬರೆಸಿಕೊಂಡರೆ, ಅಲ್ಲಿಯ ಅವನ ಗುಮಾಸ್ತೆ ಚೀಟಿ ನೋಡಿ ಹಣ ಎಣಿಸುತ್ತಾನೆ. ನೋಡಿದ ಕೂಡಲೇ ಕೊಡುವುದು ದರ್ಶನಿ ಹುಂಡಿ, ವಾಯಿದೆ ಕಳೆದ ಮೇಲೆ ಕೊಡುವುದು ಮುದ್ದತಿ ಹುಂಡಿ. ಶಹಜಹಾನ್, ಔರಂಗಜೇಬರ ಕಾಲದಲ್ಲಿ ಈ ದೇಶಕ್ಕೆ ಮತ್ತೆ ಮತ್ತೆ ಬಂದು ಹೋದ ಫ್ರೆಂಚ್ ರತ್ನವ್ಯಾಪಾರಿ ಟಾವೆರ್ನಿಯೆ ತನ್ನ ಪ್ರವಾಸಗ್ರಂಥದಲ್ಲಿ ಊರೂರಿನ ಹುಂಡಿಯ ದರವನ್ನೇ ಕೊಟ್ಟಿದ್ದಾನೆ. ಲಾಹೋರಿನಲ್ಲಿ ಪಡೆದು ಸೂರತ್ತಿನಲ್ಲಿ ತೀರಿಸುವ ಹುಂಡಿಗೆ ಶೇಕಡಾ ಆರೂಕಾಲರವರೆಗೆ. ನಮ್ಮ ದೆಹಲಿಗೆ ಹತ್ತಿರದ ಆಗ್ರಾದಿಂದ ನಾಲ್ಕೂಕಾಲರಿಂದ ಐದು. ಅಹಮದಾಬಾದಿನಿಂದ ಒಂದು, ಒಂದೂವರೆ. ದಾರಿಯಲ್ಲಿ ಸರಕು ಲೂಟಿಯಾದರೆ ಹಣ ಕೊಟ್ಟವನೂ ಮುಳುಗುತ್ತಾನೆ, ಆದ್ದರಿಂದ ದರ ಇಷ್ಟೆಂದು ಅವನ ವಿವರಣೆ. ಆಗ್ರಾ ಸೂರತ್ತುಗಳ ನಡುವೆ ಕಾಡು, ಕಣಿವೆ, ಡಕಾಯಿತರು. ಆ ಅಪಾಯಕ್ಕೆಲ್ಲ ಸೇರಿ ನೂರಕ್ಕೆ ನಾಲ್ಕೂಕಾಲು. ಇಂದು ತಂತಿಯೊಳಗೆ ಕ್ಷಣಾರ್ಧದಲ್ಲಿ ಹೋಗುವ ಅಂಕಿಗೆ ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ. ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಂಡು ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಆ ಮೇಲೆ ಬಂದದ್ದು ಮನಿಯಾರ್ಡರು. 1880ರ ಜನವರಿ 1ರಿಂದ ಅಂಚೆ ಇಲಾಖೆ ಈ ಕೆಲಸವನ್ನು ವಹಿಸಿಕೊಂಡಿತು. ದೆಹಲಿಯ ಕನ್ನಡಿಗರ ಚರಿತ್ರೆಯನ್ನು ಯಾರಾದರೂ ಸರಿಯಾಗಿ ಬರೆದರೆ ಅದರಲ್ಲಿ ಒಂದು ಅಧ್ಯಾಯ ಮನಿಯಾರ್ಡರಿನದೇ ಆಗಬೇಕು. ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಗುಮಾಸ್ತೆಗಿರಿಗೆಂದು ಬಂದು ಕರೋಲ್‌ಬಾಗಿನ ಕೋಣೆಗಳಲ್ಲಿ, ಲೋದಿ ಕಾಲೊನಿ, ಸರೋಜಿನಿ ನಗರ, ರಾಮಕೃಷ್ಣಪುರಂಗಳ ಕ್ವಾರ್ಟರುಗಳಲ್ಲಿ ನೆಲೆಸಿದವರ ಮೊದಲ ಖರ್ಚು, ಸಂಬಳದ ಮರುದಿನ ಊರಿಗೆ ಕಳುಹಿಸುವ ಹಣ. ನಾವು ನೌಕರಿಗೆ ಸೇರಿದ್ದು 2004ರಲ್ಲಿ. ಅಷ್ಟು ಹೊತ್ತಿಗೆ ಬ್ಯಾಂಕುಗಳು ಗಣಕಯಂತ್ರಕ್ಕೆ ಬದಲಾಗುತ್ತಿದ್ದರೂ ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಗೆ ಹತ್ತಿರದ ಬ್ಯಾಂಕು ಹನ್ನೊಂದು ಮೈಲಿ ದೂರ. ಆದ್ದರಿಂದ ನಾವೂ ಐದು ವರ್ಷ ಮನಿಯಾರ್ಡರನ್ನೇ ಕಳಿಸಿದೆವು. ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಕಮಿಷನ್ನು. ಸಾವಿರಕ್ಕೆ ಐವತ್ತು. ಟಾವೆರ್ನಿಯೆಯ ಆಗ್ರಾ ದರವೇ!

ಆದರೆ ಆ ಐವತ್ತರ ಬಗ್ಗೆ ನಮಗೆಂದೂ ಸಿಟ್ಟು ಬಂದದ್ದಿಲ್ಲ. ಯಾಕೆಂದು ಈಗ ಯೋಚಿಸಿದರೆ ಕಾರಣ ಹೊಳೆಯುತ್ತದೆ. ಕಿಟಕಿಯಾಚೆಯ ಗುಮಾಸ್ತೆ ಸಾವಿರವನ್ನು ಬೇರೆ, ಐವತ್ತನ್ನು ಬೇರೆ ಎಣಿಸಿಕೊಳ್ಳುತ್ತಿದ್ದ. ರಸೀತಿಯಲ್ಲಿ ಎರಡೂ ಬೇರೆ ಬೇರೆ ಕಾಣುತ್ತಿದ್ದವು. ಎಂಟು ಹತ್ತು ದಿನಗಳಾದ ಮೇಲೆ ಫಾರಮಿನ ತುಂಡೊಂದು ಹಿಂದಿರುಗಿ ಬರುತ್ತಿತ್ತು. ಅದರ ಮೇಲೆ ನಮ್ಮ ತಂದೆಯವರ ನಡುಗುವ ಕೈಯ ಸಹಿ, ಕೆಲವೊಮ್ಮೆ ಪೋಸ್ಟ್‌ಮ್ಯಾನನ ಮಸಿಯ ಬೆರಳಚ್ಚು. ಹೋದದ್ದೆಷ್ಟು, ತೆತ್ತದ್ದೆಷ್ಟು, ತಲುಪಿದ್ದೆಷ್ಟು ಎಂಬುದಕ್ಕೆ ಕಾಗದವಿತ್ತು. ಆ ತುಂಡುಗಳನ್ನು ನಾವು ಇನ್ನೂ ಇಟ್ಟುಕೊಂಡಿದ್ದೇವೆ; ಲೆಕ್ಕಕ್ಕಾಗಿ ಅಲ್ಲ, ಆ ಸಹಿಗಾಗಿ. ಹಳೆಯ ಮಾದರಿಯ ಮನಿಯಾರ್ಡರನ್ನು 2015ರಲ್ಲಿ ನಿಲ್ಲಿಸಿ, ವಿದ್ಯುನ್ಮಾನ ಪದ್ಧತಿಯನ್ನೇ ಉಳಿಸಿಕೊಂಡರು.

ಸಮುದ್ರದಾಚೆಗೆ ಹಣ ಹೋಗುವ ಮಾತಿಗೆ ಬಂದರೆ, ನಮ್ಮ ಹಿರಿಯರಿಗೆ ಶುಲ್ಕದ ಚಿಂತೆಯೇ ಇರಲಿಲ್ಲ, ಹಣವೇ ಸಿಗುತ್ತಿರಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಯುದ್ಧದ ನೆಪದಲ್ಲಿ ಆರಂಭವಾದ ವಿದೇಶಿ ವಿನಿಮಯದ ನಿರ್ಬಂಧ 1947ರಲ್ಲಿ ಕಾನೂನಾಯಿತು, 1973ರಲ್ಲಿ ಇನ್ನಷ್ಟು ಬಿಗಿಯಾಯಿತು. 1966ರ ಜೂನಿನಲ್ಲಿ ಡಾಲರಿನ ಬೆಲೆ ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆಯಿಂದ ಏಳೂವರೆ ರೂಪಾಯಿಗೆ ಏರಿದ ಕಾಲದಲ್ಲಿ ಅಮೆರಿಕಕ್ಕೆ ಓದಲು ಹೋದವರು ಎಂಟು ಡಾಲರು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದ ಕಥೆಯನ್ನು ನಮ್ಮ ಓದುಗರಲ್ಲಿ ಹಲವರು ತಮ್ಮ ಮನೆಯಲ್ಲೇ ಕೇಳಿರುತ್ತಾರೆ. 1980ರ ದಶಕದಲ್ಲಿ ನಮ್ಮ ಬ್ಯಾಂಕುಗಳು ಕಾರ್ಡು ಕೊಡಲು ತೊಡಗಿದಾಗಲೂ ಬಹಳಷ್ಟು ಕಾರ್ಡುಗಳ ಮೇಲೆ 'ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ' ಎಂದು ಅಚ್ಚು ಹಾಕಿರುತ್ತಿತ್ತು. 1991ರ ಬಿಕ್ಕಟ್ಟಿನ ನಂತರ ಗಂಟುಗಳು ಒಂದೊಂದಾಗಿ ಸಡಿಲಾದವು. 2000ದ ಜೂನ್ 1ರಂದು ಹಳೆಯ ಕಠಿಣ ಕಾನೂನು ಹೋಗಿ 'ಫೆಮಾ' ಜಾರಿಗೆ ಬಂದಿತು. 2004ರಲ್ಲಿ ವರ್ಷಕ್ಕೆ 25,000 ಡಾಲರನ್ನು ಯಾವ ಪ್ರತ್ಯೇಕ ಅನುಮತಿಯೂ ಇಲ್ಲದೆ ಹೊರಗೆ ಕಳಿಸಬಹುದೆಂದಾಯಿತು. 2015ರಲ್ಲಿ ಆ ಮಿತಿ 2,50,000ಕ್ಕೆ ಏರಿತು. ಬಾಗಿಲು ತೆರೆದ ಮೇಲೆಯೇ ಬಾಗಿಲ ಸುಂಕದ ಪ್ರಶ್ನೆ ಹುಟ್ಟಿದ್ದು.

ಈಗ ಕಾರ್ಡಿನ ಒಳಗಿನ ವ್ಯವಹಾರವನ್ನು ಸ್ವಲ್ಪ ನೋಡೋಣ. ಪರದೇಶದ ಅಂಗಡಿಯಲ್ಲಿ ಕಾರ್ಡು ತೋರಿಸಿದಾಗ ಅಂಗಡಿಯವನು ತನ್ನ ಬ್ಯಾಂಕಿನಿಂದ ತನ್ನ ನಾಣ್ಯದಲ್ಲಿ ಹಣ ಪಡೆಯುತ್ತಾನೆ. ಅವನ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಮುಂತಾದ ಜಾಲದ ಮೂಲಕ ನಮ್ಮ ಬ್ಯಾಂಕನ್ನು ಕೇಳುತ್ತದೆ. ನಡುವಿನ ಜಾಲವೇ ಆ ದಿನದ ದರದಲ್ಲಿ ಮೊತ್ತವನ್ನು ರೂಪಾಯಿಗೆ ಪರಿವರ್ತಿಸುತ್ತದೆ. ಅದರ ಮೇಲೆ ನಮ್ಮ ಬ್ಯಾಂಕು ತನ್ನ ಶುಲ್ಕವನ್ನು ಏರಿಸುತ್ತದೆ. ಇಷ್ಟರಲ್ಲಿ ತಪ್ಪೇನಿಲ್ಲ, ಕೆಲಸಕ್ಕೆ ಕೂಲಿ. ತಪ್ಪು ಆಗುವುದು ಕೂಲಿಯನ್ನು ದರದೊಳಗೆ ಅಡಗಿಸಿಟ್ಟಾಗ. ಲೆಕ್ಕಪಟ್ಟಿಯಲ್ಲಿ ಒಂದೇ ಮೊತ್ತ ಕಂಡರೆ ದರವೆಷ್ಟು, ಶುಲ್ಕವೆಷ್ಟು ಎಂಬುದು ಕಾಣುವುದಿಲ್ಲ. ಶರಾಫನ ಸವೆದ ನಾಣ್ಯವೇ ಮತ್ತೆ ಬಂದಂತಾಯಿತು.

ಅಮೆರಿಕದಲ್ಲಿ ಜಗಳ ಎದ್ದದ್ದು ಇದೇ ಕಾರಣಕ್ಕೆ. ಅಲ್ಲಿ ಜಾಲದವರು ಶೇಕಡಾ 1, ಕಾರ್ಡು ಕೊಟ್ಟ ಬ್ಯಾಂಕುಗಳಲ್ಲಿ ಹಲವು ಇನ್ನೂ 2 ಸೇರಿಸಿ ಒಟ್ಟು 3ರಷ್ಟು ವಸೂಲು ಮಾಡುತ್ತಿದ್ದವು. ಕ್ಯಾಲಿಫೋರ್ನಿಯಾದ ಅಲಮೀಡಾ ಜಿಲ್ಲೆಯ ನ್ಯಾಯಾಲಯದಲ್ಲಿ ಒಬ್ಬ ನಾಗರಿಕ ಸಾರ್ವಜನಿಕರ ಪರವಾಗಿ ದಾವೆ ಹೂಡಿದ. 2003ರಲ್ಲಿ ನ್ಯಾಯಾಧೀಶ ರೊನಾಲ್ಡ್ ಸಬ್ರಾ ಅವರು, ಶುಲ್ಕವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿಲ್ಲವೆಂದು ಹೇಳಿ ವೀಸಾ, ಮಾಸ್ಟರ್‌ಕಾರ್ಡುಗಳು ಹಣ ಮರಳಿಸಬೇಕೆಂದು ತೀರ್ಪಿತ್ತರು. ಅದು 80 ಕೋಟಿ ಡಾಲರಿನವರೆಗೆ ಹೋಗಬಹುದೆಂದು ಪತ್ರಿಕೆಗಳು ಅಂದಾಜು ಮಾಡಿದವು. ಆದರೆ ಮುಂದಿನ ವರ್ಷ ಆ ರಾಜ್ಯದ ಮತದಾರರು ಒಂದು ಕಾನೂನನ್ನು ಅಂಗೀಕರಿಸಿದರು: ಸ್ವತಃ ನಷ್ಟ ಅನುಭವಿಸಿದವನು ಮಾತ್ರ ಇಂಥ ದಾವೆ ಹೂಡಬಹುದು. ದಾವೆ ಹೂಡಿದಾತನಿಗೆ ಸ್ವಂತ ನಷ್ಟವೇನೂ ಆಗಿರಲಿಲ್ಲ! 2005ರಲ್ಲಿ ಮೇಲಿನ ನ್ಯಾಯಾಲಯ ತೀರ್ಪನ್ನು ತಳ್ಳಿಹಾಕಿತು. ಪರೋಪಕಾರ ಮಾಡಹೋದವನಿಗೆ ಸೋಲು ಬಂದದ್ದು ಹೀಗೆ.

ಅಷ್ಟರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ, ನ್ಯಾಯಾಧೀಶ ವಿಲಿಯಂ ಪಾಲಿ ಅವರ ಮುಂದೆ, ನಿಜವಾಗಿ ಶುಲ್ಕ ತೆತ್ತವರ ದಾವೆಗಳನ್ನೆಲ್ಲ ಒಟ್ಟುಗೂಡಿಸಿ ವಿಚಾರಣೆ ನಡೆದಿತ್ತು. ಜಾಲಗಳೂ ದೊಡ್ಡ ಬ್ಯಾಂಕುಗಳೂ ಒಳಗೊಳಗೆ ಕೂಡಿಕೊಂಡು ಶುಲ್ಕ ನಿಗದಿ ಮಾಡಿದವು, ಅದನ್ನು ಗ್ರಾಹಕರಿಂದ ಮರೆಮಾಡಿದವು ಎಂಬುದು ಆರೋಪ. ಪ್ರತಿವಾದಿಗಳು ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಆದರೆ 2006ರಲ್ಲಿ 33 ಕೋಟಿ 60 ಲಕ್ಷ ಡಾಲರು ಕೊಟ್ಟು ರಾಜಿ ಮಾಡಿಕೊಂಡರು. 1996ರ ಫೆಬ್ರವರಿ 1ರಿಂದ 2006ರ ನವೆಂಬರ್ 8ರವರೆಗೆ ಅಮೆರಿಕದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ಡೈನರ್ಸ್ ಕ್ಲಬ್ ಕಾರ್ಡಿನಿಂದ ವಿದೇಶದಲ್ಲಿ ಖರ್ಚು ಮಾಡಿದ ಯಾರು ಬೇಕಾದರೂ ಕೇಳಬಹುದು. 2008ರ ಮೇ 30 ಕೊನೆಯ ದಿನ. ಕೇಳಲು ಮೂರು ದಾರಿ: ಯಾವ ಲೆಕ್ಕವನ್ನೂ ಕೊಡದೆ 25 ಡಾಲರು ಕೇಳುವುದು; ಆ ವರ್ಷಗಳಲ್ಲಿ ವಿದೇಶದಲ್ಲಿ ಕಳೆದ ದಿನಗಳನ್ನು ಹೇಳಿ ಅಂದಾಜಿನ ಮೇಲೆ ಕೇಳುವುದು; ಅಥವಾ ವರ್ಷವಾರು ಖರ್ಚನ್ನು ತೋರಿಸಿ ಕೇಳುವುದು.

ನ್ಯೂಜೆರ್ಸಿಯಲ್ಲಿರುವ ನಮ್ಮ ಅಕ್ಕನ ಮನೆಗೂ ಆ ಫಾರಮು ಬಂದಿತ್ತು. ಅಕ್ಕ ಭಾವ 1999ರಲ್ಲಿ ಅಲ್ಲಿಗೆ ಹೋದವರು. 2002ರಲ್ಲಿ ನಮ್ಮ ಚಿಕ್ಕಕ್ಕನ ಮದುವೆಗೆ ಬಂದಾಗ ಬೆಂಗಳೂರಿನ ಚಿಕ್ಕಪೇಟೆಯ ಸೀರೆ, ಜಯನಗರದ ಬಂಗಾರ, ಛತ್ರದ ಮುಂಗಡ, ಎಲ್ಲವನ್ನೂ ಅವರ ಅಮೆರಿಕದ ಕಾರ್ಡೇ ನೋಡಿಕೊಂಡಿತ್ತು. ಅಂದರೆ ಅವರ ಲೆಕ್ಕದಲ್ಲಿ 'ವಿದೇಶ'ವೆಂದರೆ ಚಿಕ್ಕಪೇಟೆ! ಭಾವ ಫಾರಮನ್ನು ಯಾವುದೋ ಜಾಹೀರಾತೆಂದು ಬುಟ್ಟಿಗೆ ಹಾಕಿದ್ದರು. ಅಕ್ಕ ಅದನ್ನು ಹೆಕ್ಕಿ ತೆಗೆದಳು. ಮೂರನೆಯ ದಾರಿ ಹಿಡಿದಿದ್ದರೆ ಅವಳಿಗೆ ನೂರಾರು ಡಾಲರು ಬರಬಹುದಾಗಿತ್ತೇನೋ. ಆದರೆ ಮದುವೆಯ ವರ್ಷದ ಲೆಕ್ಕಪಟ್ಟಿ ಎರಡು ಸಲ ಮನೆ ಬದಲಿಸಿದಾಗ ಎಲ್ಲಿ ಹೋಯಿತೋ. ಮೊದಲನೆಯ ದಾರಿಗೇ ಗುರುತು ಹಾಕಿ ಕಳಿಸಿದಳು. ಕೇಳಿದವರ ಸಂಖ್ಯೆ ಒಂದು ಕೋಟಿ ದಾಟಿತ್ತು. ಮೇಲ್ಮನವಿಗಳೆಲ್ಲ ಮುಗಿದು ವರ್ಷಗಳ ನಂತರ ಚೆಕ್ಕು ಬಂದಾಗ ಅದರಲ್ಲಿ ಇಪ್ಪತ್ತೈದೂ ಇರಲಿಲ್ಲ, ಹದಿನೆಂಟು ಡಾಲರು ಚಿಲ್ಲರೆ. ಅವಳು ಫೋನಿನಲ್ಲಿ ನಕ್ಕದ್ದು ಇನ್ನೂ ಕಿವಿಯಲ್ಲಿದೆ: "ಸೀರೆಯ ಕುಚ್ಚಿಗೆ ಸಾಕು ಬಿಡೋ."

ಕೆನಡಾದಲ್ಲಿ ಇದೇ ಜಗಳ ಇನ್ನೂ ನೇರವಾಗಿ ತೀರ್ಮಾನವಾಯಿತು. ಕ್ವಿಬೆಕ್ ಪ್ರಾಂತದ ಗ್ರಾಹಕರು 2003ರಲ್ಲಿ ಹಲವು ಬ್ಯಾಂಕುಗಳ ಮೇಲೆ ಹೂಡಿದ ದಾವೆ ಹನ್ನೊಂದು ವರ್ಷ ನಡೆದು, 2014ರ ಸೆಪ್ಟೆಂಬರ್ 19ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗಿಯಿತು. ತಾವು ಕೇಂದ್ರದ ಅಧೀನ, ಪ್ರಾಂತದ ಗ್ರಾಹಕ ಕಾನೂನು ತಮಗೆ ತಾಕದು ಎಂಬುದು ಬ್ಯಾಂಕುಗಳ ವಾದ. (ದೆಹಲಿಯಲ್ಲಿ ಕುಳಿತವರಿಗೆ ಈ ವಾದದ ರಾಗ ಪರಿಚಿತವೇ.) ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆದರೆ ತೀರ್ಪಿನಲ್ಲಿ ಒಂದು ಸೂಕ್ಷ್ಮವಿದೆ: ಪರಿವರ್ತನೆಯ ಶುಲ್ಕ ತೆಗೆದುಕೊಳ್ಳುವುದೇ ತಪ್ಪೆಂದು ನ್ಯಾಯಾಲಯ ಹೇಳಲಿಲ್ಲ. ಕರಾರಿನಲ್ಲಿ ತಿಳಿಸಿ ತೆಗೆದುಕೊಂಡ ಬ್ಯಾಂಕುಗಳು ಹಣ ಮರಳಿಸಬೇಕಾಗಿ ಬರಲಿಲ್ಲ. ತಿಳಿಸದೆ ತೆಗೆದುಕೊಂಡವರು ಮಾತ್ರ ಮರಳಿಸಬೇಕಾಯಿತು. ಮೇಲಾಗಿ ತಲೆಗೆ 25 ಡಾಲರಿನಂತೆ ದಂಡವನ್ನೂ ತೆರಬೇಕಾಯಿತು. ಯೂರೋಪಿನ ಒಕ್ಕೂಟ ನ್ಯಾಯಾಲಯಕ್ಕೆ ಕಾಯದೆ ಕಾನೂನನ್ನೇ ಮಾಡಿತು. 2020ರ ಏಪ್ರಿಲಿನಿಂದ ಅಲ್ಲಿ ಕಾರ್ಡಿನ ನಾಣ್ಯ ಪರಿವರ್ತನೆಗೆ ಎಷ್ಟು ಹೆಚ್ಚು ಹಿಡಿಯುತ್ತಾರೆಂಬುದನ್ನು, ಯೂರೋಪಿನ ಕೇಂದ್ರ ಬ್ಯಾಂಕಿನ ದರಕ್ಕೆ ಹೋಲಿಸಿ ಶೇಕಡಾವಾರಿನಲ್ಲಿ ತೋರಿಸಬೇಕು.

ಆದ್ದರಿಂದ ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಗೆ ನಮಗೆ ಸಿಕ್ಕಿದ ಉತ್ತರ ಇದು: ಬರೆದು ಹೇಳಿ ತೆಗೆದುಕೊಂಡ ವಟ್ಟ ಮರಳಿ ಬರುವುದಿಲ್ಲ, ಅದು ದುಬಾರಿ ಎಂದು ಬೈಯಬಹುದು, ಬೇರೆ ಕಾರ್ಡು ಹುಡುಕಬಹುದು. ಬರೆದದ್ದಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ, ಅಥವಾ ಬರೆಯದೆಯೇ ತೆಗೆದುಕೊಂಡಿದ್ದರೆ, ಅದನ್ನು ಕೇಳಬಹುದು, ಕೇಳಬೇಕು. ಇದನ್ನು ನಾವು ಪುಸ್ತಕದಿಂದಷ್ಟೇ ಅಲ್ಲ, ಸ್ವಂತ ಕೈ ಸುಟ್ಟುಕೊಂಡೂ ಕಲಿತೆವು.

2023ರಲ್ಲಿ ನಮ್ಮ ಮಗಳು ಎಂ.ಎಸ್. ಓದಲು ಜರ್ಮನಿಗೆ ಹೋದಳು. ಹೋಗುವ ಮುನ್ನ ಅಲ್ಲಿಯ ಒಂದು ವಸತಿಗೃಹಕ್ಕೆ ನಮ್ಮ ಕಾರ್ಡಿನಿಂದ 600 ಯೂರೋ ಠೇವಣಿ ಕಟ್ಟಿದಳು. ದರ 90ರಂತೆ 54,000 ರೂಪಾಯಿ. ಅದರ ಮೇಲೆ ಶುಲ್ಕ 1,890, ಜಿ.ಎಸ್.ಟಿ. 340 ರೂಪಾಯಿ 20 ಪೈಸೆ. ಹದಿನೈದು ದಿನಗಳಲ್ಲಿ ವಿಶ್ವವಿದ್ಯಾಲಯದ ಕೋಣೆಯೇ ಸಿಕ್ಕಿತು. ವಸತಿಗೃಹದವರು ಸಜ್ಜನರು, ಪೂರ್ತಿ 600 ಯೂರೋವನ್ನು ಮರಳಿಸಿದರು. ಆದರೆ ಅಷ್ಟರಲ್ಲಿ ದರ 89 ರೂಪಾಯಿ 20 ಪೈಸೆಗೆ ಇಳಿದಿತ್ತು. ಖಾತೆಗೆ ಬಂದದ್ದು 53,520. ಒಂದು ರಾತ್ರಿಯೂ ಮಲಗದ ಕೋಣೆಗೆ ನಾವು 2,710 ರೂಪಾಯಿ 20 ಪೈಸೆ ತೆತ್ತಂತಾಯಿತು. ಗುಮಾಸ್ತೆಯ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಆ ತಿಂಗಳ ಹಾಲಿನ ಬಿಲ್ಲಿಗಿಂತ ಹೆಚ್ಚು.

ಬ್ಯಾಂಕಿಗೆ ಬರೆದೆವು. 'ನಿಯಮಾನುಸಾರ' ಎಂಬ ಒಂದೇ ಪದದ ಸುತ್ತ ನಾಲ್ಕು ಸಾಲು ಕಟ್ಟಿದ ಉತ್ತರ ಬಂದಿತು. ನಾವೂ ಇಪ್ಪತ್ತು ವರ್ಷದಿಂದ ಅಂಥ ಉತ್ತರಗಳನ್ನು ಬರೆದವರೇ ಆದ್ದರಿಂದ, ಹಾಗಾದರೆ ಆ ನಿಯಮ ಯಾವುದೆಂದು ನೋಡೋಣ ಎನಿಸಿತು. ಕಾರ್ಡಿನ ಜೊತೆ ಬಂದಿದ್ದ ಮುಖ್ಯ ಷರತ್ತುಗಳ ಪುಸ್ತಿಕೆಯನ್ನು ಟ್ರಂಕಿನಿಂದ ತೆಗೆದೆವು. ಇರುವೆ ಸಾಲಿನಂಥ ಅಕ್ಷರ. ಭೂತಕನ್ನಡಿ ಹಿಡಿದು ಓದಿದರೆ, ನಮ್ಮ ಬಗೆಯ ಕಾರ್ಡಿಗೆ ವಿದೇಶಿ ಶುಲ್ಕ ಶೇಕಡಾ 2! ನಮ್ಮಿಂದ ಹಿಡಿದದ್ದು 3.5. ಕಾರ್ಡು ನವೀಕರಣವಾದಾಗ ಯಾವುದೋ ತಪ್ಪು ಬಗೆಗೆ ಸೇರಿಸಿಬಿಟ್ಟಿದ್ದರು. ದರದ ಏರಿಳಿತದ 480 ರೂಪಾಯಿ ಯಾರ ತಪ್ಪೂ ಅಲ್ಲ, ಅದನ್ನು ಬಿಟ್ಟೆವು. ಶೇಕಡಾ 2ರ ಶುಲ್ಕವನ್ನೂ ಅದರ ತೆರಿಗೆಯನ್ನೂ ನಾವೇ ಸಹಿ ಹಾಕಿ ಒಪ್ಪಿದ್ದೇವೆ, ಅದನ್ನೂ ಬಿಟ್ಟೆವು. ಹೆಚ್ಚು ಹಿಡಿದ ಒಂದೂವರೆಯ 810, ಅದರ ಮೇಲಿನ ತೆರಿಗೆ 145 ರೂಪಾಯಿ 80 ಪೈಸೆ, ಒಟ್ಟು 955 ರೂಪಾಯಿ 80 ಪೈಸೆಯನ್ನು ಮಾತ್ರ ಕೇಳಿ, ಪುಸ್ತಿಕೆಯ ಪುಟದ ಮತ್ತು ಲೆಕ್ಕಪಟ್ಟಿಯ ನಕಲು ಲಗತ್ತಿಸಿ ಎರಡನೆಯ ಕಾಗದ ಬರೆದೆವು.

ಮೂವತ್ತು ದಿನ ಉತ್ತರವಿಲ್ಲ. ಆಗ ನೆನಪಾದದ್ದು ಓಂಬುಡ್ಸ್‌ಮನ್. ರಿಸರ್ವ್ ಬ್ಯಾಂಕು 1995ರಲ್ಲಿ ಈ ಏರ್ಪಾಟನ್ನು ಆರಂಭಿಸಿತು. 2021ರ ನವೆಂಬರ್ 12ರಂದು ಬ್ಯಾಂಕು, ಬ್ಯಾಂಕೇತರ ಹಣಕಾಸು ಸಂಸ್ಥೆ, ಡಿಜಿಟಲ್ ಪಾವತಿ ಎಂದು ಬೇರೆ ಬೇರೆಯಾಗಿದ್ದ ಮೂರು ಯೋಜನೆಗಳನ್ನು ಒಂದಾಗಿಸಿದರು. ವಕೀಲರು ಬೇಡ, ಶುಲ್ಕವಿಲ್ಲ. ಮೊದಲು ಬ್ಯಾಂಕನ್ನು ಕೇಳಿರಬೇಕು ಎಂಬುದೊಂದೇ ಮುಖ್ಯ ಕಟ್ಟಳೆ. ನಾವು ದೂರನ್ನು ದಾಖಲಿಸಿ, ಅದರ ಸಂಖ್ಯೆಯನ್ನು ಬ್ಯಾಂಕಿಗೂ ತಿಳಿಸಿದೆವು. ಎರಡನೆಯ ಕಾಗದ ಹಾಕಿದ ನಲವತ್ತೇಳನೆಯ ದಿನ ಯಾವ ಪತ್ರವೂ ಇಲ್ಲದೆ, ಕ್ಷಮೆಯೂ ಇಲ್ಲದೆ, ಖಾತೆಯಲ್ಲಿ 955 ರೂಪಾಯಿ 80 ಪೈಸೆ ಬಂದು ಕುಳಿತಿತ್ತು. ಉಳಿದ 1,754 ರೂಪಾಯಿ 40 ಪೈಸೆ ಹೋಯಿತು. ಮಗಳು ಫೋನಿನಲ್ಲಿ, "ಅಪ್ಪಾ, ಇದಕ್ಕಾಗಿ ಎಷ್ಟು ಭಾನುವಾರ ಕಳೆದಿರಿ?" ಎಂದು ಕೇಳಿದಳು. ಆ ಲೆಕ್ಕವನ್ನು ನಾವು ಇಟ್ಟಿಲ್ಲ.

ಇನ್ನೊಂದು ಬಲೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಪರದೇಶದ ಅಂಗಡಿಯಲ್ಲಿ ಯಂತ್ರವೋ ಅಂಗಡಿಯವನೋ "ರೂಪಾಯಿಯಲ್ಲೇ ಕೊಡುತ್ತೀರಾ?" ಎಂದು ವಿನಯದಿಂದ ಕೇಳುವುದುಂಟು. ನಮ್ಮವರು ಪರಿಚಿತ ನಾಣ್ಯ ಕಂಡ ಸಂತೋಷಕ್ಕೆ ಹೂಂ ಅನ್ನುತ್ತಾರೆ. ಆಗ ಪರಿವರ್ತನೆಯನ್ನು ಅಂಗಡಿಯವನ ಕಡೆಯವರು ತಮಗೆ ತೋಚಿದ ದರದಲ್ಲಿ ಮಾಡುತ್ತಾರೆ. ರೂಪಾಯಿಯಲ್ಲಿ ನಡೆದರೂ ಅಂಗಡಿ ಹೊರದೇಶದ್ದೆಂದು ಇಲ್ಲಿಯ ಕೆಲವು ಬ್ಯಾಂಕುಗಳು ಅದರ ಮೇಲೆಯೂ ತಮ್ಮ ಶುಲ್ಕ ಹಾಕುತ್ತವೆ. ಹೀಗೆ ಎರಡು ಕಡೆಯೂ ವಟ್ಟ. ಒಪ್ಪಿ ಗುಂಡಿ ಒತ್ತಿದ ಮೇಲೆ ಮರಳಿ ಪಡೆಯುವುದು ಬಲು ಕಷ್ಟ. ಕೇಳದೆಯೇ ರೂಪಾಯಿಗೆ ಬದಲಿಸಿದ್ದರೆ, ಅಂಗಡಿಯ ಚೀಟಿ ಕೈಯಲ್ಲಿದ್ದರೆ, ಬ್ಯಾಂಕಿನ ಮೂಲಕ ತಕರಾರು ಎತ್ತಬಹುದು.

ವಿದೇಶಕ್ಕೆ ಹಣ ಕಳಿಸುವಾಗ ಮೂಲದಲ್ಲೇ ಹಿಡಿಯುವ ತೆರಿಗೆಯನ್ನು ಈ ಶುಲ್ಕದ ಜೊತೆ ಬೆರೆಸಿ ಗೊಂದಲ ಮಾಡಿಕೊಳ್ಳುವವರೂ ಇದ್ದಾರೆ. 2023ರ ಮೇ ತಿಂಗಳಲ್ಲಿ ಕಾರ್ಡಿನ ವಿದೇಶಿ ಖರ್ಚನ್ನೂ ಅದರ ವ್ಯಾಪ್ತಿಗೆ ತರುವ ಅಧಿಸೂಚನೆ ಹೊರಟು, ಗದ್ದಲವಾಗಿ, ಜೂನ್ ಕೊನೆಯಲ್ಲಿ ಸರ್ಕಾರವೇ ಅದನ್ನು ಮುಂದೂಡಿತು. ಆ ತೆರಿಗೆ ಬ್ಯಾಂಕಿನ ಪಾಲಲ್ಲ. ಆದಾಯ ತೆರಿಗೆಯ ಲೆಕ್ಕ ಸಲ್ಲಿಸುವಾಗ ಸರಿಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ಮರಳಿ ಪಡೆಯಬಹುದು.

ಯುಗಾದಿಯ ಆ ಹಿರಿಯರು ಕಳೆದ ತಿಂಗಳು ಒಂದು ಭಾನುವಾರ ಮಗನ ಎಂಟು ತಿಂಗಳ ಲೆಕ್ಕಪಟ್ಟಿಗಳ ಕಟ್ಟನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿಯುತ್ತ ಮಧ್ಯಾಹ್ನದವರೆಗೆ ಕುಳಿತು, ಒಂದೊಂದು ಸಾಲಿಗೂ ಅಂದಿನ ದರವನ್ನು ಎದುರು ಬರೆದು ನೋಡಿದೆವು. ಹೆಚ್ಚಿನವು ಪುಸ್ತಿಕೆಯಲ್ಲಿ ಬರೆದಂತೆಯೇ ಇದ್ದವು. ಅವರಿಗೆ ಸ್ವಲ್ಪ ನಿರಾಶೆಯಾಯಿತು. ಎರಡು ಸಾಲುಗಳಲ್ಲಿ ಮಾತ್ರ ಪುಸ್ತಕ ಮಾರುವ ಒಂದು ಅಂಗಡಿಯ ಮೊತ್ತ ರೂಪಾಯಿಯಲ್ಲಿ ನಮೂದಾಗಿ, ಮೇಲೆ ಮತ್ತೆ ವಿದೇಶಿ ಶುಲ್ಕವೂ ಬಿದ್ದಿತ್ತು. ಯಾರೂ ತನ್ನನ್ನು ಕೇಳಲಿಲ್ಲವೆಂದು ಮಗ ಹೇಳುತ್ತಾನೆ. ಚೀಟಿಗಳೆರಡೂ ಅವನ ಬಳಿ ಇವೆ. ಒಟ್ಟು 640 ರೂಪಾಯಿಯ ಮಾತು. ಕಾಗದವನ್ನು ನಾವೇ ಬರೆದುಕೊಟ್ಟೆವು, ಅವರು ಸಹಿ ಹಾಕಿದರು. ಸಂಜೆಯೇ ರಿಜಿಸ್ಟರು ಮಾಡಬೇಕೆಂದು ಹೊರಟವರು ಭಾನುವಾರವೆಂಬುದು ನೆನಪಾಗಿ ಬಾಗಿಲಿನಿಂದ ಹಿಂದಿರುಗಿ ಇನ್ನೊಂದು ಲೋಟ ಕಾಫಿ ಕುಡಿದರು. ಈ ಲೇಖನ ಅಚ್ಚಿಗೆ ಹೋಗುವವರೆಗೆ ಬ್ಯಾಂಕಿನ ಉತ್ತರ ಬಂದಿಲ್ಲ.